ಕುರ್ಚಿಯ ಹಿಂದೆ ನಿಂತವನು

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ರಾತ್ರಿ ಅವ್ವ ಒಲೆ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಮೊಬೈಲನ್ನು ರಾಗಿ ಅಳೆಯುವ ಸೇರಿಗೆ ಒರಗಿಸಿಕೊಂಡು ಬಿಬಿಸಿಯ ಹಳೇ ಧಾರಾವಾಹಿಯೊಂದನ್ನು ನೋಡುತ್ತಿದ್ದೆ. ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡೀಸ್’. 1995ರಲ್ಲಿ ಆರು ಕಂತಿನಲ್ಲಿ ಬಂದದ್ದು. ಲೇಡಿ ಕ್ಯಾಥರಿನ್ ಎಂಬ ಭಾರೀ ಜಮೀನ್ದಾರಿಣಿಯ ಮನೆಯಲ್ಲಿ ಊಟ. ಬೆಳ್ಳಿ ಪಾತ್ರೆ, ಮೇಣದ ಬತ್ತಿ, ಮಾತಿಗೆ ಮಾತು. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಬರದೇ ಇದ್ದುದರಿಂದ ಅವಳು ಮಾತಿನ ಹಿಂದೆ ಹೋಗದೆ ಮನುಷ್ಯರನ್ನಷ್ಟೇ ನೋಡುತ್ತಿದ್ದಳು. ತುಸು ಹೊತ್ತಾದ ಮೇಲೆ ಕೇಳಿದಳು:

“ಲೇ ಮಗ, ಆ ಕುರ್ಚಿ ಹಿಂದೆ ನಿಂತವ್ನಲ್ಲ, ಅವ್ನ್ಯಾರ್ಲಾ?”

“ಯಾರೂ ಅಲ್ಲ ಕಣವ್ವ, ಮನೆ ಆಳು.”

“ಯಾರೂ ಅಲ್ಲ ಅಂದ್ರೆ? ಕಣ್ಮುಂದೆ ನಿಂತವ್ನಲ್ಲ. ಆವಾಗ್ಲಿಂದ ನೋಡ್ತಾವ್ನಿ, ಒಬ್ರಾರ ಅವ್ನ ಮಕ ನೋಡ್ನಿಲ್ಲ. ಅವ್ನ್ದು ಊಟ ಆಯ್ತಾ?”

ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಧಾರಾವಾಹಿಯನ್ನು ಅದಕ್ಕೂ ಮೊದಲು ಮೂರು ಸಲ ನೋಡಿದ್ದೆ. ಎಲಿಜಬೆತ್ ಯಾವ ಮಾತಿಗೆ ಹುಬ್ಬು ಏರಿಸುತ್ತಾಳೆ, ಡಾರ್ಸಿ ಯಾವಾಗ ಕಿಟಕಿ ಕಡೆ ತಿರುಗುತ್ತಾನೆ ಎಲ್ಲ ಬಾಯಿಪಾಠ. ಕುರ್ಚಿಯ ಹಿಂದೆ ನಿಂತವನನ್ನು ಮಾತ್ರ ನೋಡಿರಲಿಲ್ಲ. ಮೂರು ತಲೆಮಾರು ಗೌಡರ ಮನೆಯ ಹಿತ್ತಿಲಲ್ಲಿ ಕೈಕಟ್ಟಿ ನಿಂತವರ ಮೊಮ್ಮಗ ನಾನು. ನನಗೇ ಅವನು ಕಾಣದೆ ಹೋದದ್ದು ಹೇಗೆ? ಆ ರಾತ್ರಿಯಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅದನ್ನು ಗೆಳೆಯರ ಮುಂದೆ ಇಡೋಣವೆಂದು ಈ ಬರಹ.

ನಾನು ಇವನ್ನು ನೋಡತೊಡಗಿದ್ದು ಸಂತೋಷಕ್ಕಲ್ಲ, ಭಯಕ್ಕೆ. ಎಂ.ಎ. ಮೊದಲ ವರ್ಷದಲ್ಲಿ ಮೇಷ್ಟ್ರೊಬ್ಬರು, “ನಿಮ್ಮಂಥವರ ಕಿವಿಗೆ ಇಂಗ್ಲಿಷೇ ಬಿದ್ದಿಲ್ಲ, ಹಳೇ ಬಿಬಿಸಿ ಸೀರಿಯಲ್ ನೋಡಿ, ನಾಲಿಗೆ ತಿರುಗುತ್ತೆ” ಅಂದರು. ‘ನಿಮ್ಮಂಥವರ’ ಎನ್ನುವ ಮಾತನ್ನು ಬಿಟ್ಟು ಉಳಿದದ್ದನ್ನು ಪಾಲಿಸಿದೆ. ಸೀನಿಯರ್ ಒಬ್ಬ ಪೆನ್‌ಡ್ರೈವಿನಲ್ಲಿ ತುಂಬಿಸಿಕೊಟ್ಟ. ಹಾಸ್ಟೆಲ್ಲಿನ ಮಂಚದ ಮೇಲೆ, ಪರದೆ ಒಡೆದ ಮೊಬೈಲಿನಲ್ಲಿ, ನನ್ನ ರಾತ್ರಿಗಳು ಇಂಗ್ಲೆಂಡಿನ ಬಂಗಲೆಗಳಲ್ಲಿ ಕಳೆದವು. ಎಪ್ಪತ್ತು ಎಂಬತ್ತರ ದಶಕದ ಧಾರಾವಾಹಿಗಳಿಗೆ ಒಂದು ಗುರುತಿದೆ. ಒಳಾಂಗಣವನ್ನೆಲ್ಲ ಸ್ಟುಡಿಯೋದಲ್ಲಿ ವಿಡಿಯೋ ಕ್ಯಾಮೆರಾಗಳಿಂದ ತೆಗೆಯುತ್ತಿದ್ದರು, ಹೊರಾಂಗಣವನ್ನು ಫಿಲ್ಮಿನಲ್ಲಿ. ಹಾಗಾಗಿ ಪಾತ್ರ ಬಾಗಿಲು ದಾಟಿ ತೋಟಕ್ಕೆ ಕಾಲಿಟ್ಟರೆ ಸಾಕು, ಬೆಳಕಿನ ಬಣ್ಣವೇ ಬದಲಾಗುತ್ತದೆ. ಗೋಡೆ ಅಲುಗಿದಂತೆ ಕಾಣುವುದೂ ಉಂಟು. ಆದರೆ ಆತುರವಿಲ್ಲ. ಒಂದು ಸಂಭಾಷಣೆಗೆ ಹತ್ತು ನಿಮಿಷ ಕೊಡುತ್ತಾರೆ. ಬಯಲಾಟ ನೋಡಿ ಬೆಳೆದವನಿಗೆ ಈ ನಿಧಾನ ಹಿಡಿಸಿತು. ನಿಜ ಹೇಳಿಬಿಡುತ್ತೇನೆ: ಆ ಮನೆಗಳೂ ಹಿಡಿಸಿದವು. ಅಷ್ಟು ದೊಡ್ಡ ಕಿಟಕಿ, ಅಷ್ಟು ಪುಸ್ತಕ, ಒಬ್ಬಳಿಗೇ ಒಂದು ಕೋಣೆ. ಹನ್ನೆರಡು ಜನ ಒಂದು ಕೋಣೆಯಲ್ಲಿ ಮಲಗುವವನಿಗೆ ಅದರ ಆಸೆ ಆಗದಿದ್ದರೆ ಅವನು ಮನುಷ್ಯನೇ ಅಲ್ಲ.

ಪ್ರಶ್ನೆ ಇಲ್ಲೇ ಹುಟ್ಟುವುದು. ನನ್ನಂಥವನನ್ನು ಹಿತ್ತಿಲ ಬಾಗಿಲಿನಲ್ಲೇ ನಿಲ್ಲಿಸುವ ಮನೆಯ ಚೆಲುವನ್ನು ನಾನು ಸವಿಯಬಹುದೇ? ಸವಿದರೆ ಅದು ನಮ್ಮವರಿಗೆ ಮಾಡಿದ ದ್ರೋಹವೇ?

ಚಳವಳಿಯ ಹಿರಿಯ ಗೆಳೆಯರೊಬ್ಬರನ್ನು ಕೇಳಿದೆ. “ಅದೆಲ್ಲ ಬೂಸಾ, ಬಿಸಾಕು” ಅಂದರು. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಆ ಒಂದು ಮಾತಿಗೆ ನಾಡೇ ಹೊತ್ತಿ ಉರಿಯಿತು. ಅವರ ಮಂತ್ರಿಗಿರಿಯೂ ಹೋಯಿತು. ನಮ್ಮ ಸಾಹಿತ್ಯ ಹುಟ್ಟಿದ್ದೇ ಆ ಬೆಂಕಿಯಿಂದ. ಆದರೆ ಇಂಗ್ಲಿಷಿನ ಬೂಸಾವನ್ನು ಯಾರು ಜರಡಿ ಹಿಡಿಯುತ್ತಾರೆ? ಬಿಸಾಕುವುದು ಸುಲಭ. ದನ ಕಾಯ್ದವನಿಗೆ ಗೊತ್ತು, ಬೂಸಾದಲ್ಲೂ ಕಾಳು ಇರುತ್ತೆ, ದನ ಅದನ್ನು ಮೂಗಿನಲ್ಲೇ ಹುಡುಕಿಕೊಳ್ಳುತ್ತೆ. ಇನ್ನೊಬ್ಬ ಗೆಳೆಯ, ಸಾಹಿತ್ಯದ ವಿದ್ಯಾರ್ಥಿ, “ಕಲೆಗೆ ಜಾತಿ ವರ್ಗ ಇಲ್ಲ, ಅದು ಸಾರ್ವತ್ರಿಕ” ಅಂದ. ಇವನ ಮಾತು ನನಗೆ ಮೊದಲಿನದ್ದಕ್ಕಿಂತ ಅಪಾಯದ್ದಾಗಿ ಕಂಡಿತು. ಸಾರ್ವತ್ರಿಕ ಎಂದವನು ಯಾವಾಗಲೂ ಕುರ್ಚಿಯ ಮೇಲೆ ಕೂತೇ ಹೇಳುತ್ತಾನೆ.

ಅವ್ವ ಕೇಳಿದ ಮೇಲೆ ಅದೇ ಆರು ಕಂತುಗಳನ್ನು ನಾಲ್ಕನೇ ಸಲ ನೋಡಿದೆ. ಈ ಸಲ ಆಳುಗಳನ್ನು ಮಾತ್ರ. ಬಾಗಿಲು ತೆಗೆಯುವವರು, ಗಾಡಿಯ ಮೆಟ್ಟಿಲು ಇಳಿಸುವವರು, ತಟ್ಟೆ ಎತ್ತುವವರು. ಮಾತಿಲ್ಲ. ಆಮೇಲೆ ಕಾದಂಬರಿಯನ್ನೂ ತೆಗೆದು ಓದಿದೆ. ಡಾರ್ಸಿಗೆ ವರ್ಷಕ್ಕೆ 10,000 ಪೌಂಡ್, ಬೆನೆಟ್ ಮನೆಯವರಿಗೆ 2,000 ಎಂದು ಲೆಕ್ಕ ಪಕ್ಕಾ ಇದೆ. ಆ ದುಡ್ಡನ್ನು ಹೊಲದಲ್ಲಿ ಹುಟ್ಟಿಸುವವನ ಲೆಕ್ಕ ಎಲ್ಲೂ ಇಲ್ಲ. ಒಂದು ಕಡೆ ಮಾತ್ರ ನನ್ನ ಕಣ್ಣು ನಿಂತಿತು. ನೃತ್ಯಕ್ಕೆ ಮೊದಲು ನಾಲ್ಕು ದಿನ ಎಡೆಬಿಡದೆ ಮಳೆ. ಹುಡುಗಿಯರು ಪೇಟೆಗೆ ಹೋಗಲಾಗದು. ಅವರ ಚಪ್ಪಲಿಗೆ ಸಿಕ್ಕಿಸುವ ಹೂವಿನ ಅಲಂಕಾರವನ್ನು ಬೇರೆಯವರ ಕೈಲಿ ತರಿಸಿದರು ಎಂದು ಆಸ್ಟಿನ್ ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾಳೆ. ಆ ‘ಬೇರೆಯವರು’ ಮಳೆಯಲ್ಲಿ ನೆನೆಯಲಿಲ್ಲವೆ? 2013ರಲ್ಲಿ ಜೋ ಬೇಕರ್ ಎಂಬ ಲೇಖಕಿ ‘ಲಾಂಗ್‌ಬೋರ್ನ್’ ಎಂಬ ಕಾದಂಬರಿ ಬರೆದು ಅದೇ ಮನೆಯ ಕತೆಯನ್ನು ಆಳುಗಳ ಕಡೆಯಿಂದ ಹೇಳಿದಳು. ಅಲ್ಲಿ ಬಟ್ಟೆ ಒಗೆಯುವ ಕೈಗಳು ಬಿರಿದಿರುತ್ತವೆ. ಎಲಿಜಬೆತ್ ಕೆಸರಿನಲ್ಲಿ ಮೂರು ಮೈಲಿ ನಡೆದು ಅಕ್ಕನನ್ನು ನೋಡಲು ಹೋದದ್ದನ್ನು ನಾವೆಲ್ಲ ಸ್ವತಂತ್ರ ಹೆಣ್ಣಿನ ಗುರುತೆಂದು ಪರೀಕ್ಷೆಯಲ್ಲಿ ಬರೆದು ನಂಬರು ತೆಗೆದಿದ್ದೇವೆ. ಲಂಗದ ಕೆಸರು ತೊಳೆದವಳ ಬಗ್ಗೆ ಯಾವ ಮೇಷ್ಟ್ರೂ ಪ್ರಶ್ನೆ ಕೇಳಲಿಲ್ಲ. ನಾವೂ ಬರೆಯಲಿಲ್ಲ.

ಆಳು ಬಾಯಿ ಬಿಟ್ಟು ಮಾತಾಡುವ ಸಂದರ್ಭವೂ ಒಂದಿದೆ, ಅದನ್ನು ಮರೆಯಬಾರದು. ಎಲಿಜಬೆತ್ ಡಾರ್ಸಿಯ ಬಂಗಲೆ ನೋಡಲು ಹೋದಾಗ ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ರೆನಾಲ್ಡ್ಸ್ ಎಂಬ ಹೆಂಗಸು ಒಡೆಯನನ್ನು ಹೊಗಳುತ್ತಾಳೆ: ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ಕಂಡಿದ್ದೇನೆ, ಒಂದು ಬಿರುಸು ಮಾತು ಆಡಿದವನಲ್ಲ. ಅಲ್ಲಿಂದಲೇ ಎಲಿಜಬೆತ್ತಳ ಮನಸ್ಸು ತಿರುಗುವುದು. ಬುದ್ಧಿವಂತ ಆಳಿನ ಹೊಗಳಿಕೆಗಿಂತ ಬೆಲೆಯುಳ್ಳ ಹೊಗಳಿಕೆ ಯಾವುದಿದೆ ಎಂದು ಅವಳು ಯೋಚಿಸುತ್ತಾಳೆ. ಸರಿ. ಅದೇ ಬುದ್ಧಿವಂತ ಆಳು ದೂರು ಹೇಳಿದ್ದರೆ? ಒಡೆಯ ಒಳ್ಳೆಯವನು ಎಂದಾಗ ಅದು ಸಾಕ್ಷಿ, ಕೆಟ್ಟವನು ಎಂದಾಗ ಚಾಡಿ. ನಮ್ಮೂರ ಪಂಚಾಯ್ತಿ ಕಟ್ಟೆಯ ಮೇಲೂ ಇದೇ ಕಾನೂನು.

ಟೀವಿಯವರು ಕಾದಂಬರಿಗೆ ಕಟ್ಟುಬಿದ್ದವರು, ಅವರೇನು ಮಾಡಿಯಾರು ಎನ್ನುವವರಿದ್ದಾರೆ. ಹಾಗೇನಿಲ್ಲ. 1995ರ ಧಾರಾವಾಹಿಯಲ್ಲಿ ಎಲ್ಲರೂ ನೆನೆಯುವುದು ಡಾರ್ಸಿ ಕೊಳಕ್ಕೆ ಧುಮುಕಿ, ಒದ್ದೆ ಅಂಗಿಯಲ್ಲಿ ಎದುರಾಗುವ ದೃಶ್ಯವನ್ನು. ಅದು ಕಾದಂಬರಿಯಲ್ಲಿ ಇಲ್ಲ, ಚಿತ್ರಕತೆ ಬರೆದ ಆಂಡ್ರ್ಯೂ ಡೇವೀಸ್ ಸೇರಿಸಿದ್ದು. ಒಡೆಯನ ಬೆವರಿಗಾಗಿ ಒಂದು ದೃಶ್ಯ ಹುಟ್ಟಿಸಬಲ್ಲವರು ಆಳಿಗಾಗಿ ಒಂದು ಮಾತು ಹುಟ್ಟಿಸಲಾರರೇ? (ಕೆರೆಗೆ ಇಳಿಯುವುದೂ ಒಂದು ದೃಶ್ಯವೇ ಎಂದು ನನಗೆ ಮೊದಲು ನಗು ಬಂತು. ಆಮೇಲೆ 1927ರ ಮಾರ್ಚಿನಲ್ಲಿ ಮಹಾಡಿನ ಚವದಾರ್ ಕೆರೆಗೆ ಇಳಿದವರ ನೆನಪಾಯಿತು. ನಮಗೆ ಅದು ದೃಶ್ಯವೇ. ಒಂದು ಬೊಗಸೆ ನೀರಿಗೆ ತಲೆ ಒಡೆಸಿಕೊಂಡ ದೃಶ್ಯ.)

ಆಳುಗಳ ಮಾತು ಟೀವಿಯಲ್ಲಿ ಬಂದದ್ದು ಬೇರೆ ದಾರಿಯಿಂದ. ಜೀನ್ ಮಾರ್ಷ್, ಐಲೀನ್ ಅಟ್ಕಿನ್ಸ್ ಎಂಬ ಇಬ್ಬರು ನಟಿಯರು, ಇಬ್ಬರೂ ದುಡಿಯುವ ಮನೆಗಳಿಂದ ಬಂದವರು, ಅಡುಗೆಮನೆಯ ಕಡೆಯಿಂದ ಒಂದು ಕತೆ ಹೇಳಬೇಕೆಂದು ಕೂತರು. ಅದು 1971ರಿಂದ 1975ರವರೆಗೆ ನಡೆದ ‘ಅಪ್‌ಸ್ಟೇರ್ಸ್, ಡೌನ್‌ಸ್ಟೇರ್ಸ್’ ಆಯಿತು. ಅದಕ್ಕೆ ಮೂಲವಾಗಿ ಯಾವ ಕಾದಂಬರಿಯೂ ಇರಲಿಲ್ಲ, ಹೊಸದಾಗಿ ಬರೆಯಬೇಕಾಯಿತು. ನಮ್ಮ ಕತೆಗಾರರು ಕೇರಿಯನ್ನು ಹೊಸದಾಗಿ ಬರೆಯಬೇಕಾಗಿ ಬಂದಂತೆಯೇ.

ಅವ್ವನ ಕಡೆಗೆ ಬರುತ್ತೇನೆ. ಅವಳ ಪ್ರಶ್ನೆ ಒಂದಕ್ಕೆ ನಿಂತಿರಲಿಲ್ಲ.

“ಅಡಿಗೆ ಮಾಡೋರು ಯಾರು?”

“ಆಳುಗಳೇ ಕಣವ್ವ.”

“ಆಳು ಮಾಡಿದ್ನ ಅವ್ರು ಉಣ್ತಾರಾ?”

“ಉಣ್ತಾರೆ.”

“ಆವಮ್ಮನ ತಲೆ ಬಾಚೋಳು?”

“ಅವಳೂ ಆಳೇ.”

“ಮುಟ್ಟಿಸ್ಕಂತಾರಾ?” ಅಂದವಳು ಅವರೆಕಾಯಿ ಸಿಪ್ಪೆಯನ್ನು ಒಲೆಗೆ ಹಾಕಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅಂಗಾರೆ ಅವ್ರುದು ಬರೀ ಬಡ್ತನ ಕನ ಮಗ.”

ಬರೀ ಬಡತನ! ನಾಲ್ಕು ವರ್ಷ ನಾನು ಓದಿದ ವರ್ಗದ ಥಿಯರಿಯಲ್ಲಿ ಈ ಮಾತು ಸಿಕ್ಕಿರಲಿಲ್ಲ. ಆ ಮನೆಗಳಲ್ಲಿ ಬಡವನ ಕೈ ಎಲ್ಲವನ್ನೂ ಮುಟ್ಟುತ್ತದೆ. ಒಡತಿಯ ಕೂದಲು, ಮಗುವಿನ ಬಾಯಿ, ಅನ್ನ, ನೀರು, ಹಾಸಿಗೆ. ನಮ್ಮವ್ವ ಗೌಡರ ಗದ್ದೆಯಲ್ಲಿ ನಾಟಿ ಹಾಕಿದ ಭತ್ತ ಅವರ ತಟ್ಟೆಗೆ ಹೋಗುತ್ತದೆ, ಆದರೆ ಅನ್ನವಾದ ಮೇಲೆ ಅದನ್ನು ಅವಳು ಮುಟ್ಟುವಂತಿಲ್ಲ. ಇಂಗ್ಲೆಂಡಿನವರು ತಮ್ಮ ಆಳನ್ನು ಮುಟ್ಟಿಸಿಕೊಂಡರು, ನೋಡಲಿಲ್ಲ. ಸಸೆಕ್ಸಿನ ಅಪ್‌ಪಾರ್ಕ್ ಎಂಬ ಬಂಗಲೆಯಲ್ಲಿ ಆಳುಗಳು ಓಡಾಡಲು ನೆಲದೊಳಗೆ ಸುರಂಗ ಕೊರೆದಿದ್ದಾರೆ, ಲೇಖಕ ಎಚ್.ಜಿ. ವೆಲ್ಸನ ತಾಯಿ ಅಲ್ಲಿ ಮನೆವಾರ್ತೆಯ ಕೆಲಸಕ್ಕಿದ್ದಳು. ಕಣ್ಣಿಗೆ ಬೀಳದೆ ಕೆಲಸ ಆಗಬೇಕು, ಅಷ್ಟೆ. ನಮ್ಮಲ್ಲಿ ತಿರುವುಮುರುವು. ಊರಿನವರಿಗೆ ನಾವು ದೂರದಿಂದಲೇ ಕಾಣಬೇಕು. ಕಂಡರೆ ತಾನೆ ಸರಿದು ನಡೆಯುವುದಕ್ಕಾಗುವುದು? ಅಲ್ಲಿಯ ಆಳಿನ ಮಗಳು ಕೆಲಸ ಬಿಟ್ಟು ಗಿರಣಿಗೆ ಸೇರಿದರೆ ಅವಳು ಗಿರಣಿಯವಳು. ನಮ್ಮಲ್ಲಿ ಊರು ಬಿಟ್ಟರೂ ಹೆಸರಿನ ಹಿಂದೆ ಕೇರಿ ಬರುತ್ತದೆ. ಆದ್ದರಿಂದ ಆ ಧಾರಾವಾಹಿಯ ಆಳಿನಲ್ಲಿ ನನ್ನನ್ನೇ ಕಾಣುತ್ತೇನೆಂದರೆ ಅದೂ ಅರ್ಧ ಸುಳ್ಳು. ‘ಅವರೂ ನಾವೂ ಒಂದೇ’ ಎಂದು ಘೋಷಣೆ ಕೂಗುವ ಮೊದಲು ಅವ್ವನ ‘ಬರೀ’ ಎಂಬ ಎರಡಕ್ಷರಕ್ಕೆ ನಾವು ಜವಾಬು ಕೊಡಬೇಕು.

ಆದರೂ ಒಂದು ಧಾರಾವಾಹಿಯಲ್ಲಿ ನನ್ನನ್ನೇ ಕಂಡೆ. ತಡೆಯಲು ಆಗಲಿಲ್ಲ. ಥಾಮಸ್ ಹಾರ್ಡಿಯ ‘ಜೂಡ್ ದಿ ಅಬ್‌ಸ್ಕ್ಯೂರ್’. ಕಾದಂಬರಿ 1895ರದ್ದು, ಬಿಬಿಸಿ ಅದನ್ನು 1971ರಲ್ಲಿ ಆರು ಕಂತು ಮಾಡಿತು. ಜೂಡ್ ಆಗಿ ರಾಬರ್ಟ್ ಪೊವೆಲ್. ಇದರಲ್ಲಿ ಬಂಗಲೆ ಇಲ್ಲ, ನೃತ್ಯವಿಲ್ಲ. ತಬ್ಬಲಿ ಹುಡುಗ. ಹೊಲದಲ್ಲಿ ಹಕ್ಕಿ ಓಡಿಸುವ ಕೂಲಿ, ದಿನಕ್ಕೆ ಆರು ಪೆನ್ಸ್. ಹಕ್ಕಿಗಳ ಹಸಿವು ಕಂಡು ಮರುಗಿ ತಿನ್ನಲಿ ಬಿಡು ಎಂದು ಬಿಡುತ್ತಾನೆ, ಹೊಲದ ಯಜಮಾನ ಹಿಡಿದು ಬಡಿಯುತ್ತಾನೆ. ಜೋಳದ ಹೊಲದ ಅಟ್ಟಣೆಯ ಮೇಲೆ ಕವಣೆ ಹಿಡಿದು ಕೂತವರಿಗೆ ಈ ಹುಡುಗ ಯಾರೆಂದು ಹೇಳಬೇಕೆ? ಅವನು ಒಂದು ಕೊಟ್ಟಿಗೆಯ ಸೂರಿಗೆ ಏಣಿ ಹಾಕಿ ಹತ್ತಿ, ದೂರದಲ್ಲಿ ಮಿನುಗುವ ವಿಶ್ವವಿದ್ಯಾಲಯದ ಊರಿನ ದೀಪ ನೋಡುತ್ತಾನೆ. ಹಾರ್ಡಿ ಅದಕ್ಕೆ ಕ್ರೈಸ್ಟ್‌ಮಿನ್‌ಸ್ಟರ್ ಎಂದು ಹೆಸರಿಟ್ಟಿದ್ದಾನೆ, ಅದು ಆಕ್ಸ್‌ಫರ್ಡೇ. ಅತ್ತೆಯ ಬ್ರೆಡ್ಡಿನ ಗಾಡಿ ಹೊಡೆಯುತ್ತಾ ಲ್ಯಾಟಿನ್ ಕಲಿಯುತ್ತಾನೆ. ಕಲ್ಲುಕುಟಿಗನಾಗಿ ಆ ಊರು ಸೇರುತ್ತಾನೆ. ಕಾಲೇಜಿನ ಗೋಡೆಯ ಮುಕ್ಕಾದ ಕಲ್ಲುಗಳನ್ನು ರಿಪೇರಿ ಮಾಡುವ ಕೆಲಸ ಅವನದು. ಗೋಡೆ ಮುಟ್ಟಬಹುದು. ಒಳಗೆ ಹೋಗುವಂತಿಲ್ಲ. ಕೊನೆಗೆ ಐವರು ವಿದ್ವಾಂಸರಿಗೆ ಕಾಗದ ಬರೆಯುತ್ತಾನೆ. ಒಬ್ಬನಿಂದ ಮಾತ್ರ ಉತ್ತರ. ನೀನು ಕೂಲಿ ಮಾಡುವವನೆಂದು ತಿಳಿಯುತ್ತೇನೆ, ನಿನ್ನ ಕಸುಬಿನಲ್ಲೇ ಇದ್ದರೆ ನಿನಗೆ ಒಳ್ಳೆಯದು ಎಂಬ ಅರ್ಥದ್ದು.

ಆ ಕಾಗದದಲ್ಲಿ ಬೈಗುಳವಿಲ್ಲ. ಸಭ್ಯವಾದ ಕಾಗದ. ಅದಕ್ಕೇ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೈದವನಿಗೆ ತಿರುಗಿ ಬೈಯಬಹುದು; ಹಿತ ಹೇಳಿದವನಿಗೆ ಏನು ಹೇಳುವುದು? ಪಿ.ಯು.ಸಿ.ಯಲ್ಲಿ ನನಗೂ ಒಬ್ಬರು ಹೀಗೇ ಹಿತ ಹೇಳಿದ್ದರು. “ಸುಮ್ನೆ ಐ.ಟಿ.ಐ. ಮಾಡ್ಕೊ, ಕೆಲ್ಸ ಸಿಗುತ್ತೆ. ಸಾಹಿತ್ಯ ಎಲ್ಲ ನಿಮಗ್ಯಾಕಪ್ಪ?” ಅವರ ದನಿಯಲ್ಲಿ ನಿಜವಾದ ಕನಿಕರವಿತ್ತು.

ಜೂಡ್ ಕುಡಿಯಲು ಹೋಗುತ್ತಾನೆ. ಅಲ್ಲಿ ವಿದ್ಯಾರ್ಥಿಗಳ ಎದುರಿಗೆ ಒಂದು ಗ್ಲಾಸ್ ವಿಸ್ಕಿಯ ಪಂಥಕ್ಕೆ ಕ್ರೈಸ್ತರ ನಂಬಿಕೆಯ ಮಂತ್ರವನ್ನು ಲ್ಯಾಟಿನ್ನಿನಲ್ಲಿ ಒಪ್ಪಿಸುತ್ತಾನೆ. ಒಪ್ಪಿಸಿದ ಮೇಲೆ ಸಿಟ್ಟು ಏರುತ್ತದೆ. ನಾನು ಹೇಳಿದ್ದು ಸರಿಯೋ ತಪ್ಪೋ ಎಂದಾದರೂ ನಿಮ್ಮಲ್ಲಿ ಯಾರಿಗೆ ಗೊತ್ತು ಎಂದು ಕೇಳುತ್ತಾನೆ. ಈ ದೃಶ್ಯವನ್ನು ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಚರ್ಚಾಸ್ಪರ್ಧೆಯಲ್ಲಿ ನನ್ನ ಇಂಗ್ಲಿಷಿಗೆ ಚಪ್ಪಾಳೆ ತಟ್ಟಿದವರು ನೆನಪಾದರು. ‘ಪರವಾಗಿಲ್ವೆ!’ ಎಂಬ ಬೆರಗಿನ ಚಪ್ಪಾಳೆ ಅದು, ಗಿಳಿ ಮಾತಾಡಿದರೆ ಬೀಳುತ್ತದಲ್ಲ ಅಂಥದು.

ಹಾರ್ಡಿ ಕಲ್ಲುಕುಟಿಗನ ಮಗ. ತಾನೂ ವಿಶ್ವವಿದ್ಯಾಲಯ ಕಂಡವನಲ್ಲ. ಈ ಪುಸ್ತಕವನ್ನು ಬಿಷಪ್ಪನೊಬ್ಬ ಬೆಂಕಿಗೆ ಹಾಕಿದೆನೆಂದು ಹೇಳಿಕೊಂಡ, ಪತ್ರಿಕೆಗಳು ಉಗಿದವು, ಆಮೇಲೆ ಹಾರ್ಡಿ ಕಾದಂಬರಿ ಬರೆಯುವುದನ್ನೇ ಬಿಟ್ಟು ಕವಿತೆಗೆ ತಿರುಗಿದ. 1899ರಲ್ಲಿ ಆಕ್ಸ್‌ಫರ್ಡಿನಲ್ಲಿ ದುಡಿಯುವ ಜನಕ್ಕಾಗಿ ರಸ್ಕಿನ್ ಕಾಲೇಜು ತೆರೆಯಿತು. ಅದಕ್ಕೆ ಜೂಡನ ಹೆಸರೇ ಇಡಬೇಕಿತ್ತು ಎಂದು ಕೆಲವು ಓದುಗರು ಹೇಳಿದರಂತೆ. ಹಾರ್ಡಿಯೇ ಇದನ್ನು ಬರೆದುಕೊಂಡಿದ್ದಾನೆ. ಒಂದು ಕಾದಂಬರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ?

ಇನ್ನೊಂದು ಲೆಕ್ಕವನ್ನೂ ಹಾಕಿ ನೋಡಿದೆ. ‘ಜೂಡ್’ ಬಂದಾಗ ಭೀಮರಾವ್ ನಾಲ್ಕು ವರ್ಷದ ಹುಡುಗ. ಅದಾಗಿ 21 ವರ್ಷಕ್ಕೆ, 1916ರಲ್ಲಿ, ಅವರು ಲಂಡನ್ನಿಗೆ ಓದಲು ಹೋದರು. ಸ್ವದೇಶದ ಶಾಲೆಯಲ್ಲಿ ಮೂಲೆಯಲ್ಲಿ ಗೋಣಿ ಹಾಸಿಕೊಂಡು ಕೂತ ಹುಡುಗನಿಗೆ ಲಂಡನ್ನಿನ ಗ್ರಂಥಾಲಯ ಕುರ್ಚಿ ಕೊಟ್ಟಿತು. ಅದೇ ದೇಶ ತನ್ನ ಕಲ್ಲುಕುಟಿಗನಿಗೆ ಕೊಡಲಿಲ್ಲ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಪ್ರತಿಯೊಂದು ಸಮಾಜಕ್ಕೂ ದೂರದ ಬಡವನನ್ನು ಒಳಗೆ ಕರೆಯುವುದು ಹತ್ತಿರದವನನ್ನು ಕರೆಯುವುದಕ್ಕಿಂತ ಸುಲಭವೇನೋ. ನಮ್ಮಲ್ಲೂ ಕಪ್ಪು ಅಮೆರಿಕನ್ನರ ಕವಿತೆ ಓದಿ ಕಣ್ಣೀರಿಡುವವರಿದ್ದಾರೆ, ತಮ್ಮ ಊರಿನ ಹೊಲಗೇರಿಯ ದಾರಿ ಗೊತ್ತಿಲ್ಲದವರು.

ಈ ಕೊಂಕು ಮಾತು ನನಗೇ ತಿರುಗಿ ಬಡಿದದ್ದು ‘ಜೇನ್ ಏರ್’ ನೋಡುವಾಗ. ಷಾರ್ಲೆಟ್ ಬ್ರಾಂಟೆಯ 1847ರ ಕಾದಂಬರಿ. 1983ರಲ್ಲಿ ಬಿಬಿಸಿ ಹನ್ನೊಂದು ಕಂತು ಮಾಡಿತು, ಜೀಲಾ ಕ್ಲಾರ್ಕ್ ಮತ್ತು ಟಿಮೊತಿ ಡಾಲ್ಟನ್ ಅಭಿನಯದಲ್ಲಿ. ಅನಾಥ ಹುಡುಗಿ, ಧರ್ಮದ ಹೆಸರಿನ ವಸತಿಶಾಲೆ, ಸೀದ ಗಂಜಿ. ಆ ಗಂಜಿಯ ವಾಸನೆ ನನಗೆ ಗೊತ್ತು. ಹಾಸ್ಟೆಲ್ಲಿನ ಗೆಳೆಯರೆಲ್ಲ ಮೊಬೈಲ್ ಸುತ್ತ ಕೂತು ನೋಡಿದೆವು, ಸೀದ ಗಂಜಿ ಬಂದಾಗ ಎಲ್ಲರೂ ಹೋ ಎಂದು ಕೂಗಿದೆವು. ಜೇನ್ ನಮ್ಮವಳಾದಳು. ತನಗೂ ಆತ್ಮ ಇದೆ ಎಂದು ಅವಳು ಒಡೆಯನ ಮುಂದೆ ನಿಂತು ಹೇಳುವಾಗ ನಮ್ಮಲ್ಲಿ ಒಬ್ಬ ಅತ್ತೇಬಿಟ್ಟ.

ಆಮೇಲೆ ಅಟ್ಟದ ಮೇಲೆ ಕೂಡಿಹಾಕಿದ ಹೆಂಗಸು. ರೋಚೆಸ್ಟರನ ಮೊದಲ ಹೆಂಡತಿ ಬರ್ತಾ, ಜಮೈಕಾದವಳು. ತೋಟದ ಯಜಮಾನನ ಮಗಳಾದ ಅವಳನ್ನು 30,000 ಪೌಂಡಿನ ಆಸೆಗೆ ಅವನ ಮನೆಯವರು ತಂದುಕೊಂಡದ್ದು. ಅದು ಗುಲಾಮರ ಬೆವರಿನ ದುಡ್ಡು. (ಬ್ರಿಟನ್ನು 1833ರ ಕಾನೂನಿನಿಂದ ಗುಲಾಮಗಿರಿ ತೆಗೆದಾಗ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಗುಲಾಮರಿಗಲ್ಲ, ಒಡೆಯರಿಗೆ. ‘ನಷ್ಟ’ ಆದದ್ದು ಅವರಿಗೆ ತಾನೆ!) ಬರ್ತಾ ಕೂಗುತ್ತಾಳೆ, ಕಚ್ಚುತ್ತಾಳೆ, ಬೆಂಕಿ ಹಚ್ಚುತ್ತಾಳೆ, ಮಹಡಿಯಿಂದ ಬಿದ್ದು ಸಾಯುತ್ತಾಳೆ. ಅವಳು ಸತ್ತಾಗ ನಾವು ಹತ್ತು ಜನ ಹುಡುಗರು, ಎಲ್ಲರೂ ಕೇರಿಯಿಂದ ಬಂದವರು, ನಿಟ್ಟುಸಿರು ಬಿಟ್ಟೆವು. ದಾರಿ ಸುಗಮವಾಯಿತಲ್ಲ! ಜೀನ್ ರೀಸ್ ಎಂಬ ಕೆರಿಬಿಯನ್ ಮೂಲದ ಲೇಖಕಿ 1966ರಲ್ಲೇ ‘ವೈಡ್ ಸರ್ಗಾಸೋ ಸೀ’ ಬರೆದು ಈ ಹೆಂಗಸಿಗೆ ಬಾಯಿ ಕೊಟ್ಟಿದ್ದಳೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಕಾದಂಬರಿಯಲ್ಲಿ ಒಂದು ಚಿಕ್ಕ ಜಾಗವಿದೆ. ಹತ್ತು ವರ್ಷದ ಜೇನಳನ್ನು ಔಷಧಿ ಕೊಡಲು ಬಂದವನು ಕೇಳುತ್ತಾನೆ: ಈ ಮನೆಯಲ್ಲಿ ಇಷ್ಟು ಹಿಂಸೆ ಇದ್ದರೆ ಬಡ ನೆಂಟರಿದ್ದಲ್ಲಿಗೆ ಹೋಗುತ್ತೀಯಾ? ಅವಳು ಬೇಡ ಅನ್ನುತ್ತಾಳೆ. ಜಾತಿಯನ್ನು ತೆತ್ತು ಬಿಡುಗಡೆ ಕೊಳ್ಳುವ ಧೈರ್ಯ ತನಗಿರಲಿಲ್ಲ ಎಂದು ಆಮೇಲೆ ಒಪ್ಪಿಕೊಳ್ಳುತ್ತಾಳೆ. ಬ್ರಾಂಟೆ ಬಳಸಿರುವ ಪದವೇ ಅದು, ಜಾತಿ. ಕೊನೆಯ ಪುಟಗಳಲ್ಲಿ ಅದೇ ಪದ ಇನ್ನೊಮ್ಮೆ ಬರುತ್ತದೆ. ಜೇನಳಿಗೆ ಹಿಂದುಸ್ತಾನಿ ಕಲಿಸಿ ಮಡದಿಯಾಗಿ ಕರೆದುಕೊಂಡು ಬರಬೇಕೆಂದಿದ್ದ ಪಾದ್ರಿ ಸೇಂಟ್ ಜಾನ್ ಒಬ್ಬನೇ ಇಂಡಿಯಾಕ್ಕೆ ಬಂದು ಮತ ಮತ್ತು ಜಾತಿಯ ಪೂರ್ವಗ್ರಹಗಳನ್ನು ಕಡಿದುಹಾಕುತ್ತಿದ್ದಾನಂತೆ. ನಮ್ಮ ಜಾತಿಯನ್ನು ಕಡಿಯಲು ಅಷ್ಟು ದೂರದಿಂದ ಕೊಡಲಿ ಬರುತ್ತದೆ, ಅವರ ಮನೆಯ ಅಟ್ಟದ ಬಾಗಿಲಿಗೆ ಬೀಗ. ನಗು ಬರುತ್ತದೆ. ಆದರೆ ಹತ್ತು ವರ್ಷದ ಹುಡುಗಿಯ ಉತ್ತರಕ್ಕೆ ನಗು ಬರಲಿಲ್ಲ. ನೊಂದವನಿಗೆ ನೊಂದವರೆಲ್ಲ ತಾವಾಗೇ ಕಾಣುತ್ತಾರೆಂದು ನಾವು ಭಾಷಣದಲ್ಲಿ ಹೇಳುತ್ತೇವೆ. ನೊಂದವನು ಮೊದಲು ನೋಡುವುದು ಮೇಲಿನ ಮೆಟ್ಟಿಲನ್ನು. ಕೆಳಗೆ ನೋಡಲು ಯಾರಾದರೂ ಕತ್ತು ಹಿಡಿದು ಬಗ್ಗಿಸಬೇಕು. ನನ್ನ ಕತ್ತು ಬಗ್ಗಿಸಿದವಳು ಅಕ್ಷರ ಬಾರದ ಅವ್ವ.

ಆದ್ದರಿಂದ ಸವಿಯುವುದು ದ್ರೋಹವೇ ಎಂಬ ನನ್ನ ಮೊದಲ ಪ್ರಶ್ನೆಯೇ ಈಗ ನನಗೆ ಸ್ವಲ್ಪ ಸುಳ್ಳಾಗಿ ಕಾಣುತ್ತಿದೆ. ಸುಖಪಟ್ಟದ್ದಕ್ಕೆ ನಾನು ತಪ್ಪು ಕಾಣಿಕೆ ಕಟ್ಟಬೇಕಾಗಿಲ್ಲ. ಎಲಿಜಬೆತ್ತಳ ಹರಿತ ಮಾತಿಗೆ ನಗುವ ಹಕ್ಕು ಕೇರಿಯವನಿಗೂ ಇದೆ. ಅದನ್ನು ಬಿಟ್ಟುಕೊಡುವುದೂ ಒಂದು ಥರ ಕೈಕಟ್ಟಿ ನಿಂತಂತೆಯೇ. ಕತೆ ಯಾರ ಮೇಲೆ ಬೆಳಕು ಬಿಟ್ಟಿತೋ ಅವರನ್ನಷ್ಟೇ ಮನುಷ್ಯರೆಂದುಕೊಂಡೆನಲ್ಲ, ಆ ಅಭ್ಯಾಸ ಮೊಬೈಲ್ ಆರಿಸಿದ ಮೇಲೂ ಕಣ್ಣಿನಲ್ಲಿ ಉಳಿದುಬಿಟ್ಟಿತಲ್ಲ, ಅದಕ್ಕೆ ಏನು ಮಾಡುವುದು? ಇದನ್ನು ಹೇಳಲು ನಾಚಿಕೆಯಾಗುತ್ತದೆ. ಹೇಳದೆ ಬಿಟ್ಟರೆ ಇಷ್ಟು ಬರೆದದ್ದು ವ್ಯರ್ಥ.

ಮೊನ್ನೆ ನೋಡಿದ್ದು ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’. 1868ರ ಕಾದಂಬರಿ. ಬಿಬಿಸಿ 1972ರಲ್ಲಿ ಐದು ಕಂತು ಮಾಡಿತ್ತು, 1996ರಲ್ಲಿ ಇನ್ನೊಮ್ಮೆ ಮಾಡಿತು. ಅದರ ಕತೆ ಹುಟ್ಟುವುದು ನಮ್ಮ ಶ್ರೀರಂಗಪಟ್ಟಣದಲ್ಲಿ, 1799ರ ಮೇ 4ರಂದು, ಟಿಪ್ಪು ಬಿದ್ದ ದಿನ. ನಮ್ಮೂರಿಂದ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಕೋಟೆ ನುಗ್ಗಿದ ಇಂಗ್ಲಿಷ್ ಅಧಿಕಾರಿಯೊಬ್ಬ ಕಾವಲಿನವರನ್ನು ಕೊಂದು ವಜ್ರವೊಂದನ್ನು ಕದಿಯುತ್ತಾನೆ. ವಜ್ರ ಕಲ್ಪನೆಯದು, ಲೂಟಿ ನಿಜ. ಟಿಪ್ಪುವಿನ ಮರದ ಹುಲಿ ಇವತ್ತಿಗೂ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಕೂತಿದೆ. ವಜ್ರವನ್ನು ಹುಡುಕಿಕೊಂಡು ಮೂವರು ಬ್ರಾಹ್ಮಣರು ಕಡಲು ದಾಟಿ ಹೋಗುತ್ತಾರೆ, ಅದಕ್ಕಾಗಿ ಜಾತಿಯನ್ನೇ ಕಳೆದುಕೊಳ್ಳುತ್ತಾರೆ. ಜಾತಿ ಕಳೆದುಕೊಂಡ ಅವರ ದುಃಖಕ್ಕೆ ಕಾಲಿನ್ಸ್ ಕೊನೆಯಲ್ಲಿ ಒಂದಿಡೀ ದೃಶ್ಯ ಕೊಟ್ಟಿದ್ದಾನೆ. ಕಳೆದುಕೊಳ್ಳಬೇಕೆಂದರೂ ಕಳೆಯದ ನಮಗೆ ಯಾವ ದೃಶ್ಯವೋ!

ಇಂಗ್ಲೆಂಡಿನ ಆ ಮನೆಯಲ್ಲಿ ವಜ್ರ ಮಾಯವಾದಾಗ ಅನುಮಾನದ ಕಣ್ಣು ಬೀಳುವುದು ಆಳುಗಳ ಮೇಲೆ. ಅದರಲ್ಲೂ ರೊಸಾನಾ ಎಂಬ ಕೆಲಸದ ಹುಡುಗಿಯ ಮೇಲೆ. ಒಂದು ಹೆಗಲು ಸೊಟ್ಟ, ಹಿಂದೊಮ್ಮೆ ಕದ್ದು ಸಿಕ್ಕಿಬಿದ್ದವಳು. ಮನೆಯ ಹುಡುಗನೊಬ್ಬನನ್ನು ಅವಳು ಪ್ರೀತಿಸುತ್ತಾಳೆ. ಅವಳಿದ್ದಾಳೆಂಬುದೇ ಅವನ ಕಣ್ಣಿಗೆ ಬೀಳುವುದಿಲ್ಲ. ಅವನನ್ನು ಕಾಪಾಡಲು ಸಾಕ್ಷಿ ಬಚ್ಚಿಟ್ಟು, ಒಂದು ಉದ್ದ ಕಾಗದ ಬರೆದಿಟ್ಟು, ಕಡಲ ದಡದ ಹೂಳುಮರಳಿನಲ್ಲಿ ಮುಳುಗಿಹೋಗುತ್ತಾಳೆ. ಅವಳ ಗೆಳತಿ, ಬೆಸ್ತರ ಮನೆಯ ಕುಂಟಿ ಲೂಸಿ, ಬಡವರು ಉಳ್ಳವರ ಮೇಲೆ ಎದ್ದು ನಿಲ್ಲುವ ದಿನ ಬರುತ್ತದೆಂದು ಗುಡುಗುತ್ತಾಳೆ. ವಜ್ರ ತೆಗೆದವರು ಕೊನೆಗೆ ಯಾರೆಂದರೆ, ಇಬ್ಬರೂ ಮರ್ಯಾದಸ್ಥರು. ಒಬ್ಬ ಅಫೀಮಿನ ಮಂಪರಿನಲ್ಲಿ ಎತ್ತಿದವನು, ಇನ್ನೊಬ್ಬ ಎಚ್ಚರದಲ್ಲೇ ನುಂಗಿದವನು.

ಅದನ್ನು ನೋಡಿ ಮುಗಿಸುವ ಹೊತ್ತಿಗೆ ಬೆಳಗಾಗಿತ್ತು. ಹಲ್ಲುಜ್ಜಲು ಹೊರಗೆ ಬಂದೆ. ನಮ್ಮ ಹಾಸ್ಟೆಲ್ಲಿನ ಕಕ್ಕಸು ತೊಳೆಯುವ ಹೆಂಗಸು ಬಕೆಟ್ಟು ಹಿಡಿದು ವರಾಂಡದ ತುದಿಯಿಂದ ಬರುತ್ತಿದ್ದಳು. ನಾನು ಅಲ್ಲಿಗೆ ಸೇರಿ ಎರಡು ವರ್ಷದ ಮೇಲಾಗಿತ್ತು. ದಿನಾ ಅವಳು ಬರುವಾಗ ನಾವು ಗೋಡೆಯ ಕಡೆ ಸರಿಯುತ್ತೇವೆ. ಅಂಬೇಡ್ಕರ್ ಜಯಂತಿಗೆ ಫ್ಲೆಕ್ಸ್ ಕಟ್ಟುವವರೂ ಸರಿಯುತ್ತೇವೆ. ಅವಳಿಗೆ ನಾವು ಇಟ್ಟುಕೊಂಡ ಹೆಸರು ‘ಏಯ್’ ಅಥವಾ ‘ಕ್ಲೀನಿಂಗ್ನೋಳು’. ಆ ಬೆಳಿಗ್ಗೆ ನಾನು ಸರಿಯದೆ ನಿಂತು, “ಅಮ್ಮ, ನಿಮ್ಮ ಹೆಸರೇನು?” ಎಂದು ಕೇಳಿದೆ.

ಅವಳು ಬಕೆಟ್ಟು ಕೆಳಗಿಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಮುಖ ನೋಡಿದಳು. ಮುಖ ಬಿಳಿಚಿಕೊಂಡಿತ್ತು.

“ಯಾಕ್ ಸಾಮಿ,” ಅಂದಳು, “ಏನಾರ ಕಳ್ದೋಯ್ತಾ?”